ಅಶ್ಲೀಲ ತಾಣಗಳನ್ನೆಲ್ಲ ಒಂದೇ ವಿಳಾಸಕ್ಕೆ ಸೇರಿಸಿ ಬಂದ್ ಮಾಡಬಹುದೇ?

ಪ್ರಶ್ನೆ: ಸರ್, ನಾನು ಮಸ್ಕಿ ತಾಲ್ಲೂಕಿನ ಸರ್ಕಾರಿ ಪ್ರೌಢಶಾಲೆಯೊಂದರಲ್ಲಿ ವಿಜ್ಞಾನ ಶಿಕ್ಷಕಿ. ನಮ್ಮ ಒಂಬತ್ತು, ಹತ್ತನೇ ತರಗತಿ ಹುಡುಗರ ಮೊಬೈಲ್‌ಗಳಲ್ಲಿ ಇರಬಾರದ ವಿಡಿಯೋಗಳು ಸಿಕ್ಕಿವೆ. ಮೊನ್ನೆ ಎಸ್‌ಡಿಎಂಸಿ ಸಭೆಯಲ್ಲಿ ಒಬ್ಬ ಪಾಲಕರು, ‘ಇಂಥ ಸೈಟಿಗೇ ಅಂತ ಡಾಟ್ ಎಕ್ಸ್‌ಎಕ್ಸ್‌ಎಕ್ಸ್ ಅನ್ನೋ ಬ್ಯಾರೆ ಅಡ್ರೆಸ್ ಐತಂತ್ರಿ. ಎಲ್ಲಾನೂ ಅಲ್ಲಿಗೆ ಹಾಕ್ಸಿ, ಅದೊಂದನ್ನ ಬಂದ್ ಮಾಡಿದ್ರ ಮುಗೀತಲ್ರಿ’ ಎಂದರು. ಎಲ್ಲರೂ ಒಪ್ಪಿದರು. ಸಂಸದರ ಮೂಲಕ ಕೇಂದ್ರ ಸರ್ಕಾರಕ್ಕೆ ಮನವಿ ಕೊಡುವುದೆಂದು ತೀರ್ಮಾನವಾಗಿ, ಬರೆಯುವ ಕೆಲಸ ನನ್ನ ಪಾಲಿಗೆ ಬಂದಿದೆ. ಇದು ಆಗುವ ಮಾತೇ? ಆಗದಿದ್ದರೆ ಏಕೆ ಆಗದು? ಮನವಿಯಲ್ಲಿ ಏನು ಬರೆಯಲಿ?

ಉತ್ತರ: ಮೇಡಂ, ಮನವಿ ಕೊಡಿ, ಆದರೆ ಈ ಬೇಡಿಕೆ ಇಟ್ಟು ಕೊಡಬೇಡಿ. ಆ ಪಾಲಕರು ಹೇಳಿದ ವಿಳಾಸ ಇರುವುದು ನಿಜ. ಅವರ ಸಂಕಟವೂ ನಿಜ. ಬಳ್ಳಾರಿಯಲ್ಲಿ ಕೂತು ಸುತ್ತಲಿನ ಜಿಲ್ಲೆಗಳ ಕಾಲೇಜು, ಆಸ್ಪತ್ರೆಗಳಿಗೆ ನೆಟ್‌ವರ್ಕ್ ಹಾಕಿಕೊಡುವ ನನಗೆ ಇದೇ ಮಾತನ್ನು ಬೇರೆ ಬೇರೆ ಊರಿನ ತಂದೆತಾಯಂದಿರು ಹೇಳಿದ್ದಾರೆ. ಆದರೆ ಅವರು ಬಯಸುವ ಕೆಲಸ ಆ ವಿಳಾಸದಿಂದ ಆಗುವುದಿಲ್ಲ. ಏಕೆಂದು ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ. ಮುಂದಿನ ಸಭೆಯಲ್ಲಿ ನೀವು ಅವರಿಗೆ ಉತ್ತರ ಕೊಡಬೇಕಲ್ಲ.

ಡಾಟ್ ಕಾಮ್, ಡಾಟ್ ಆರ್ಗ್ ಥರದ ಕೊನೆಹೆಸರುಗಳಲ್ಲಿ ಹೊಸದು ಯಾವುದು ಬರಬೇಕು, ಯಾರು ನಡೆಸಬೇಕು ಎಂದು ನಿರ್ಧರಿಸುವುದು ಐಕ್ಯಾನ್. 1998ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಶುರುವಾದ, ಲಾಭದ ಉದ್ದೇಶವಿಲ್ಲದ ಸಂಸ್ಥೆ ಅದು. 2000ರಲ್ಲಿ ಹೊಸ ಹೆಸರುಗಳಿಗೆ ಅರ್ಜಿ ಕರೆದಾಗ ಐಸಿಎಂ ರಿಜಿಸ್ಟ್ರಿ ಎಂಬ ಕಂಪನಿ ಡಾಟ್ ಎಕ್ಸ್‌ಎಕ್ಸ್‌ಎಕ್ಸ್ ಕೇಳಿತು, ಸಿಗಲಿಲ್ಲ. 2004ರಲ್ಲಿ ಮತ್ತೆ ಅರ್ಜಿ ಹಾಕಿತು. 2005ರ ಜೂನ್‌ನಲ್ಲಿ ಐಕ್ಯಾನ್ ಮಂಡಳಿ ಒಪ್ಪಂದದ ಮಾತುಕತೆಗೆ ಹಸಿರು ನಿಶಾನೆ ತೋರಿತು. ಆಗಸ್ಟ್‌ನಲ್ಲಿ ಅಮೆರಿಕದ ವಾಣಿಜ್ಯ ಇಲಾಖೆಯಿಂದ ಪತ್ರ ಬಂತು: ಸುಮಾರು 6,000 ಆಕ್ಷೇಪಣೆಗಳು ನಮ್ಮ ಕೈ ಸೇರಿವೆ, ಅವಸರ ಬೇಡ. ಅಲ್ಲಿಗೆ ಎಲ್ಲ ನಿಂತಿತು. 2006ರ ಮೇ ತಿಂಗಳಲ್ಲಿ ಮಂಡಳಿ 9–5 ಮತಗಳಿಂದ ಒಪ್ಪಂದವನ್ನು ತಿರಸ್ಕರಿಸಿತು. 2007ರ ಮಾರ್ಚ್‌ನಲ್ಲಿ ಲಿಸ್ಬನ್ ಸಭೆಯಲ್ಲೂ ಅದನ್ನೇ ಮಾಡಿತು.

ಕಂಪನಿ ಪಟ್ಟು ಬಿಡಲಿಲ್ಲ. 2008ರಲ್ಲಿ ಸ್ವತಂತ್ರ ಪರಿಶೀಲನಾ ಸಮಿತಿಯ ಮೊರೆ ಹೋಯಿತು. ಅಂತರರಾಷ್ಟ್ರೀಯ ನ್ಯಾಯಾಲಯದ ಮಾಜಿ ಅಧ್ಯಕ್ಷ ಸ್ಟೀಫನ್ ಶ್ವೇಬಲ್ ನೇತೃತ್ವದ ಮೂವರ ಸಮಿತಿ 2010ರ ಫೆಬ್ರುವರಿಯಲ್ಲಿ, ಐಕ್ಯಾನ್ ತನ್ನದೇ ನಿಯಮಗಳಿಗೆ ತಕ್ಕಂತೆ ನಿಷ್ಪಕ್ಷಪಾತವಾಗಿ ನಡೆದುಕೊಂಡಿಲ್ಲ ಎಂದು ಬಹುಮತದಿಂದ ಹೇಳಿತು. 2011ರ ಮಾರ್ಚ್ 18ರಂದು ಸ್ಯಾನ್‌ಫ್ರಾನ್ಸಿಸ್ಕೋದಲ್ಲಿ ಒಪ್ಪಿಗೆ ಸಿಕ್ಕಿತು. ಡಿಸೆಂಬರ್ 6ರಿಂದ ದುಡ್ಡು ಕೊಟ್ಟ ಯಾರಿಗಾದರೂ ಆ ಹೆಸರು ಸಿಗತೊಡಗಿತು. ಮೊದಲ ಅರ್ಜಿಯಿಂದ ಅಲ್ಲಿಗೆ ಹನ್ನೊಂದು ವರ್ಷ.

ಈ ಕಥೆಯಲ್ಲಿ ನೀವು ಗಮನಿಸಬೇಕಾದದ್ದು ವಿರೋಧಿಸಿದವರು ಯಾರು ಎಂಬುದನ್ನು. ಅಮೆರಿಕದ ಧಾರ್ಮಿಕ ಸಂಘಟನೆಗಳು, ಕುಟುಂಬ ಮೌಲ್ಯಗಳ ಪರ ಹೋರಾಡುವವರು ಇದನ್ನು ಸ್ವಾಗತಿಸಿದ್ದರೆ ಯಾರಿಗೂ ಆಶ್ಚರ್ಯವಾಗುತ್ತಿರಲಿಲ್ಲ. ಅವರೇ ಎಲ್ಲರಿಗಿಂತ ಜೋರಾಗಿ ವಿರೋಧಿಸಿದರು. ಅವರ ವಾದ ನೇರವಾಗಿತ್ತು: ಈ ವ್ಯಾಪಾರಕ್ಕೆ ಒಂದು ಅಧಿಕೃತ ಜಾಗ ಕೊಟ್ಟರೆ ಮಾನ್ಯತೆ ಕೊಟ್ಟಂತಾಗುತ್ತದೆ, ಇದ್ದವರು ಡಾಟ್ ಕಾಮ್ ಬಿಟ್ಟು ಬರುವುದಿಲ್ಲ, ಇನ್ನೊಂದು ವಿಳಾಸ ಸೇರಿಸಿಕೊಳ್ಳುತ್ತಾರೆ ಅಷ್ಟೇ. ಅತ್ತ ಅಶ್ಲೀಲ ಚಿತ್ರೋದ್ಯಮದವರ ಸಂಘಟನೆಯಾದ ಫ್ರೀ ಸ್ಪೀಚ್ ಕೋಯಲಿಷನ್ ಕೂಡ ವಿರುದ್ಧವೇ. ಇವತ್ತು ಇಷ್ಟಪಟ್ಟವರು ಬನ್ನಿ ಎನ್ನುತ್ತಾರೆ, ನಾಳೆ ಕಾನೂನು ಮಾಡಿ ಎಲ್ಲರನ್ನೂ ಅಲ್ಲಿಗೆ ತಳ್ಳುತ್ತಾರೆ, ನಾಡಿದ್ದು ಅದನ್ನೇ ಬಂದ್ ಮಾಡುತ್ತಾರೆ ಎಂಬ ಭಯ ಅವರದು. ಐಕ್ಯಾನ್ ಸಭೆ ನಡೆಯುತ್ತಿದ್ದಾಗ ಹೊರಗೆ ನಿಂತು ಪ್ರತಿಭಟನೆ ಮಾಡಿದವರು ಅವರೇ. ಹಲವು ದೇಶಗಳ ಸರ್ಕಾರಗಳೂ ಬೇಡವೆಂದವು. ಒಪ್ಪಿಗೆ ಸಿಕ್ಕ ಬೆನ್ನಲ್ಲೇ ಭಾರತದಲ್ಲಿ ಈ ವಿಳಾಸವನ್ನು ಬಂದ್ ಮಾಡಲಾಗುವುದು ಎಂದು ಪತ್ರಿಕೆಗಳಲ್ಲಿ ಸುದ್ದಿ ಬಂತು.

ಧಾರ್ಮಿಕ ಸಂಘಟನೆಗಳ ಎಲ್ಲ ಮಾತು ನಾನು ಒಪ್ಪುವವನಲ್ಲ. ಈ ವಿಷಯದಲ್ಲಿ ಮಾತ್ರ ಅವರ ಲೆಕ್ಕಾಚಾರ ಸರಿಯಾಗಿತ್ತು. ಡಾಟ್ ಎಕ್ಸ್‌ಎಕ್ಸ್‌ಎಕ್ಸ್ ಯಾರಿಗೂ ಕಡ್ಡಾಯ ಆಗಿರಲಿಲ್ಲ. ಡಾಟ್ ಕಾಮ್ ಹೆಸರಿನ ಸಗಟು ದರ ಆಗ ವರ್ಷಕ್ಕೆ 8 ಡಾಲರ್‌ಗಿಂತ ಕಡಿಮೆ ಇತ್ತು. ಇದಕ್ಕೆ 60 ಡಾಲರ್ ಆಸುಪಾಸು. ಅದರಲ್ಲಿ 10 ಡಾಲರ್ ಮಕ್ಕಳ ರಕ್ಷಣೆಯಂಥ ಕೆಲಸಕ್ಕೆಂದು ಕಟ್ಟಿದ ಪ್ರತಿಷ್ಠಾನಕ್ಕೆ ಹೋಗುತ್ತಿತ್ತು. ಗಿರಾಕಿಗಳೆಲ್ಲ ಇರುವ ಡಾಟ್ ಕಾಮ್ ಬಿಟ್ಟು ಹೆಚ್ಚು ದುಡ್ಡು ತೆತ್ತು ಯಾರು ಬರುತ್ತಾರೆ? ದೊಡ್ಡವರು ಎರಡೂ ಕಡೆ ಇದ್ದರು, ಇಲ್ಲವೇ ಆ ಕಡೆ ತಲೆಯನ್ನೇ ಹಾಕಲಿಲ್ಲ. ಈ ದಂಧೆಗೆ ಸಂಬಂಧವೇ ಇಲ್ಲದ ಕಾನ್ಸಾಸ್ ವಿಶ್ವವಿದ್ಯಾಲಯದಂಥವರು ತಮ್ಮ ಹೆಸರನ್ನು ಬೇರೆಯವರು ಅಲ್ಲಿ ಕೆಡಿಸಬಾರದೆಂದು ದುಡ್ಡು ಕೊಟ್ಟು ಕಾದಿರಿಸಿಕೊಂಡರು. 2015ರ ಹೊತ್ತಿಗೆ ಡಾಟ್ ಪಾರ್ನ್, ಡಾಟ್ ಅಡಲ್ಟ್, ಡಾಟ್ ಸೆಕ್ಸ್ ಕೂಡ ಬಂದವು. ಒಂದೇ ಜಾಗಕ್ಕೆ ಸೇರಿಸುವ ಮಾತು ಅಲ್ಲಿಗೆ ಪೂರ್ತಿ ಮುಗಿಯಿತು.

‘ಹಾಗಾದರೆ ಕಡ್ಡಾಯ ಮಾಡಲಿ’ ಎಂದು ಆ ಪಾಲಕರು ಕೇಳುತ್ತಾರೆ. ಅದನ್ನೂ ಯೋಚಿಸಿದವರಿದ್ದಾರೆ. 2006ರಲ್ಲಿ ಅಮೆರಿಕದ ಸೆನೆಟ್‌ನಲ್ಲಿ ಮ್ಯಾಕ್ಸ್ ಬಾಕಸ್ ಮತ್ತು ಮಾರ್ಕ್ ಪ್ರಯರ್ ಎಂಬಿಬ್ಬರು ಇಂಥ ತಾಣಗಳೆಲ್ಲ ಪ್ರತ್ಯೇಕ ಕೊನೆಹೆಸರಿಗೆ ಹೋಗಲೇಬೇಕೆಂಬ ಮಸೂದೆ ತಂದರು. ಅದು ಕಾನೂನಾಗಲಿಲ್ಲ. ಆಗಿದ್ದರೂ ಅದರ ಕೈ ಅಮೆರಿಕದ ಗಡಿ ದಾಟುತ್ತಿರಲಿಲ್ಲ. ನಮ್ಮ ಸಂಸತ್ತು ಕಾನೂನು ಮಾಡಿದರೂ ಅಷ್ಟೇ. ಸರ್ವರ್ ನೆದರ್‌ಲ್ಯಾಂಡ್ಸ್‌ನಲ್ಲಿ, ಕಂಪನಿ ಸೈಪ್ರಸ್‌ನಲ್ಲಿ, ಮಾಲೀಕ ಇನ್ನೆಲ್ಲೋ ಇದ್ದರೆ, ವಿಳಾಸ ಬದಲಿಸು ಎಂದು ನಾವು ನೋಟಿಸ್ ಕೊಡುವುದು ಯಾರಿಗೆ?

ಕಾನೂನಿನ ತೊಡಕು ಬಗೆಹರಿದರೂ ತಾಂತ್ರಿಕ ತೊಡಕು ಹಾಗೇ ಉಳಿಯುತ್ತದೆ. ನೀವು ವಿಜ್ಞಾನ ಹೇಳಿಕೊಡುವವರು, ನಿಮಗೆ ಇದು ಬೇಗ ಹಿಡಿಯುತ್ತದೆ. ಫೋನಿನಲ್ಲಿ ಒಂದು ಹೆಸರು ಟೈಪ್ ಮಾಡಿದಾಗ, ಡಿಎನ್‌ಎಸ್ ಎಂಬ ವ್ಯವಸ್ಥೆ ಆ ಹೆಸರಿಗೆ ಜೋಡಿಸಿರುವ ಐಪಿ ಸಂಖ್ಯೆಯನ್ನು ಹುಡುಕಿ ಕೊಡುತ್ತದೆ. ಅದರ ಕೆಲಸ ಅಲ್ಲಿಗೆ ಮುಗಿಯಿತು. ಆ ಸಂಖ್ಯೆಯ ಸರ್ವರ್‌ನಲ್ಲಿ ಪಾಠವಿದೆಯೋ, ಪಾರ್ನ್ ಇದೆಯೋ ಅದಕ್ಕೆ ಗೊತ್ತಿಲ್ಲ. ಹೆಸರು ಅಂಗಡಿಯ ಮುಂದಿನ ಬೋರ್ಡು. ಬೋರ್ಡು ಬರೆಸುವವನು ಮಾಲೀಕ, ಒಳಗಿನ ಸರಕಿಗೂ ಅದಕ್ಕೂ ಕಟ್ಟುಪಾಡಿಲ್ಲ. ಒಂದೇ ಸರ್ವರ್‌ಗೆ ಸಾವಿರ ಹೆಸರು ಜೋಡಿಸಬಹುದು. ಒಂದು ಹೆಸರನ್ನು ಮುಚ್ಚಿದ ಗಂಟೆಯೊಳಗೆ ಇನ್ನೊಂದನ್ನು ಕೊಂಡು ಅದೇ ಸರ್ವರ್‌ಗೆ ತಿರುಗಿಸಬಹುದು. ಡಿಎನ್‌ಎಸ್ ಕ್ಷೇತ್ರದಲ್ಲಿ ಕೆಲಸ ಮಾಡಿದ ಡೊನಾಲ್ಡ್ ಈಸ್ಟ್‌ಲೇಕ್ 2004ರ ಫೆಬ್ರುವರಿಯಲ್ಲೇ ಇದನ್ನೆಲ್ಲ ಬಿಡಿಸಿ ಬರೆದರು. ಆರ್‌ಎಫ್‌ಸಿ 3675 ಎಂಬ ಆ ದಾಖಲೆ, ವಯಸ್ಕರ ವಿಷಯಕ್ಕೆ ಪ್ರತ್ಯೇಕ ಕೊನೆಹೆಸರು ಮಾಡುವುದು ಅಪಾಯಕಾರಿ ಎಂದು ಶೀರ್ಷಿಕೆಯಲ್ಲೇ ಹೇಳುತ್ತದೆ. ಯಾವುದು ಅಶ್ಲೀಲ ಎಂಬುದು ದೇಶದಿಂದ ದೇಶಕ್ಕೆ ಬೇರೆ ಇರುವಾಗ ಹೆಸರಿನ ಮೇಲೆ ಒಂದೇ ಮುದ್ರೆ ಒತ್ತುವುದು ಹೇಗೆ ಎಂಬ ಪ್ರಶ್ನೆಯೂ ಅದರಲ್ಲಿದೆ.

ಈ ಪ್ರಶ್ನೆ ಸಣ್ಣದಲ್ಲ. ಇಲ್ಲಿನ ಒಂದು ನರ್ಸಿಂಗ್ ಕಾಲೇಜಿನಲ್ಲಿ ಆಡಳಿತ ಮಂಡಳಿಯ ಒತ್ತಾಯಕ್ಕೆ ಪದಗಳನ್ನು ನೋಡಿ ತಡೆಯುವ ಫಿಲ್ಟರ್ ಹಾಕಿದ್ದೆವು. ಮರುದಿನದಿಂದಲೇ ಸ್ತನ ಕ್ಯಾನ್ಸರ್ ತಪಾಸಣೆಯ ಪುಟಗಳು ತೆರೆಯಲಿಲ್ಲ, ಹೆರಿಗೆಯ ಚಿತ್ರಗಳಿದ್ದ ಪಾಠ ತೆರೆಯಲಿಲ್ಲ. ಪರೀಕ್ಷೆ ಹತ್ತಿರವಿತ್ತು. ಹುಡುಗಿಯರು ತಮ್ಮ ಮೊಬೈಲ್ ಡೇಟಾದಲ್ಲಿ ಓದಿಕೊಂಡರು, ಕೊನೆಗೆ ಫಿಲ್ಟರ್ ತೆಗೆಸಿದರು. ನಿಮ್ಮ ಹತ್ತನೇ ತರಗತಿಯ ಸಂತಾನೋತ್ಪತ್ತಿ ಪಾಠಕ್ಕೂ ಇದೇ ಗತಿ ಬರಬಹುದು. ಆ ಪಾಠವನ್ನು ತರಗತಿಯಲ್ಲಿ ಸರಿಯಾಗಿ ಹೇಳಿಕೊಡದೆ ದಾಟಿಸಿಬಿಟ್ಟರೆ, ಹುಡುಗರು ಅದನ್ನು ಎಲ್ಲಿ ಕಲಿಯಲು ಹೋಗುತ್ತಾರೆಂದು ನಿಮಗೇ ಗೊತ್ತು. ದಯವಿಟ್ಟು ಅದನ್ನು ಬಿಡಬೇಡಿ.

ವಿಳಾಸ ಬಂದ್ ಮಾಡುವ ಪ್ರಯೋಗ ನಮ್ಮ ದೇಶದಲ್ಲಿ ಎರಡು ಸಲ ದೊಡ್ಡದಾಗಿ ನಡೆದಿದೆ. ಕಮಲೇಶ್ ವಾಸ್ವಾನಿ ಎಂಬ ವಕೀಲರು 2013ರಲ್ಲಿ ಸುಪ್ರೀಂ ಕೋರ್ಟಿಗೆ ಅರ್ಜಿ ಹಾಕಿದರು. 2015ರ ಜುಲೈನಲ್ಲಿ ಮಧ್ಯಂತರ ಆದೇಶ ಕೊಡಲು ಒಪ್ಪದ ಮುಖ್ಯ ನ್ಯಾಯಮೂರ್ತಿ, ನಮ್ಮ ರಾಜ್ಯದವರೇ ಆದ ಎಚ್.ಎಲ್. ದತ್ತು, ವಯಸ್ಕನೊಬ್ಬ ತನ್ನ ಕೋಣೆಯೊಳಗೆ ನೋಡುವುದನ್ನು ತಡೆಯುವುದು ಹೇಗೆ ಎಂದು ಕೇಳಿದರು. ಆದರೂ ಅದೇ ತಿಂಗಳ 31ರಂದು ದೂರಸಂಪರ್ಕ ಇಲಾಖೆ 857 ತಾಣಗಳನ್ನು ಬಂದ್ ಮಾಡಿಸಿತು. ಗದ್ದಲವೆದ್ದು ಒಂದು ವಾರದೊಳಗೆ, ಮಕ್ಕಳ ಅಶ್ಲೀಲ ಚಿತ್ರಗಳಿಲ್ಲದ ತಾಣಗಳನ್ನು ಬಿಡಬಹುದು ಎಂದಿತು. 2018ರಲ್ಲಿ ಉತ್ತರಾಖಂಡ ಹೈಕೋರ್ಟ್ ಆದೇಶದ ಮೇಲೆ 827 ತಾಣಗಳು ಮತ್ತೆ ಬಂದ್ ಆದವು. ಆಗ ದೊಡ್ಡ ತಾಣವೊಂದು ತನ್ನ ಡಾಟ್ ಕಾಮ್ ಮುಚ್ಚಿದ ಕೂಡಲೇ ಡಾಟ್ ನೆಟ್‌ನಲ್ಲಿ ಬಂದು ಕೂತಿತು. ನಿಮ್ಮ ಹುಡುಗರ ಕೈಗೆ ಸ್ಮಾರ್ಟ್‌ಫೋನ್ ಬಂದದ್ದು ಈ ಆದೇಶಗಳೆಲ್ಲ ಜಾರಿಯಾದ ಮೇಲೇ ಎಂಬುದನ್ನು ನೆನಪಿಡಿ.

ಈಗ ಆ ಫೋನನ್ನೇ ನೋಡೋಣ. ಸಿಕ್ಕ ವಿಡಿಯೋ ಯಾವ ಫೋಲ್ಡರ್‌ನಲ್ಲಿತ್ತು? ನಾನು ನೋಡಿದ ಫೋನ್‌ಗಳಲ್ಲಿ ಹೆಚ್ಚಿನವು ಬ್ರೌಸರ್‌ನ ಡೌನ್‌ಲೋಡ್‌ನಲ್ಲಿ ಇರಲಿಲ್ಲ. ವಾಟ್ಸ್‌ಆ್ಯಪ್‌ನ ವಿಡಿಯೋ ಫೋಲ್ಡರ್‌ನಲ್ಲಿ ಇದ್ದವು, ಇಲ್ಲವೇ ಟೆಲಿಗ್ರಾಂ ಚಾನೆಲ್‌ನಿಂದ ಬಂದಿದ್ದವು. ಹಿಂದೆ ಮೊಬೈಲ್ ಅಂಗಡಿಗಳಲ್ಲಿ ಮೆಮೊರಿ ಕಾರ್ಡಿಗೆ ಹಾಡು, ಸಿನಿಮಾ ತುಂಬಿಸಿಕೊಡುವಾಗಲೂ ಕೇಳಿದವರಿಗೆ ಇದು ಸಿಗುತ್ತಿತ್ತು. 2016ರ ಸೆಪ್ಟೆಂಬರ್‌ನಲ್ಲಿ ಜಿಯೋ ಬಂದು ಡೇಟಾ ಅಗ್ಗವಾಯಿತು, 2020ರ ಆನ್‌ಲೈನ್ ತರಗತಿಗೆಂದು ಸಾಲ ಮಾಡಿಯಾದರೂ ಮನೆಗೊಂದು ಫೋನ್ ಬಂತು, ಅಂಗಡಿಯ ಅಗತ್ಯವೇ ಇಲ್ಲವಾಯಿತು. ವಾಟ್ಸ್‌ಆ್ಯಪ್ ಸಂದೇಶ 2016ರಿಂದ ಕಳಿಸಿದವರಿಂದ ಪಡೆದವರ ತನಕ ಗೂಢಲಿಪಿಯಲ್ಲಿ ಹೋಗುತ್ತದೆ. ನಡುವೆ ಇರುವ ಕಂಪನಿಗೂ ಅದರಲ್ಲೇನಿದೆ ಕಾಣುವುದಿಲ್ಲ. ಇನ್ನು ಎಕ್ಸ್ (ಹಿಂದಿನ ಟ್ವಿಟರ್) ಜಾಲತಾಣ 2024ರಲ್ಲಿ ಒಪ್ಪಿಗೆಯ ಮೇಲೆ ತಯಾರಾದ ವಯಸ್ಕರ ಚಿತ್ರಗಳನ್ನು ಹಾಕಬಹುದೆಂದು ತನ್ನ ನಿಯಮದಲ್ಲೇ ಬರೆದುಕೊಂಡಿತು. ಸಂಸದರು, ಜಿಲ್ಲಾಡಳಿತಗಳು, ಪತ್ರಿಕೆಗಳು ಬಳಸುವ ಜಾಲತಾಣ ಅದು. ಅದನ್ನು ಇಡಿಯಾಗಿ ಡಾಟ್ ಎಕ್ಸ್‌ಎಕ್ಸ್‌ಎಕ್ಸ್‌ಗೆ ಸಾಗಿಸಲಾಗುತ್ತದೆಯೇ?

ಈಗ ಬೇರೆ ದೇಶಗಳು ಹೆಸರಿನ ಚಿಂತೆ ಬಿಟ್ಟು ನೋಡುವವನ ವಯಸ್ಸು ಪರೀಕ್ಷಿಸುವ ದಾರಿ ಹಿಡಿದಿವೆ. ಬ್ರಿಟನ್ನಿನಲ್ಲಿ 2025ರ ಜುಲೈ 25ರಿಂದ ಇಂಥ ತಾಣಗಳು ವಯಸ್ಸಿನ ಖಾತ್ರಿ ಮಾಡಿಕೊಳ್ಳಲೇಬೇಕು. ಟೆಕ್ಸಾಸ್ ರಾಜ್ಯದ ಇಂಥದೇ ಕಾನೂನನ್ನು ಅಮೆರಿಕದ ಸುಪ್ರೀಂ ಕೋರ್ಟ್ ಅದೇ ವರ್ಷದ ಜೂನ್‌ನಲ್ಲಿ ಎತ್ತಿಹಿಡಿಯಿತು. ಹೆಸರಿನ ದಾರಿಗಿಂತ ಇದು ಮೇಲು. ಆದರೂ ಆಧಾರ್ ಸಂಖ್ಯೆಯನ್ನು ಅಂಥ ತಾಣಕ್ಕೆ ಕೊಡುವ ಪದ್ಧತಿ ನಮ್ಮಲ್ಲಿ ಬಂದರೆ, ಅದರ ಸುತ್ತ ಬೆದರಿಸಿ ಸುಲಿಯುವವರ ದಂಡೇ ಹುಟ್ಟಿಕೊಳ್ಳುತ್ತದೆ ಎಂಬ ಭಯ ನನಗಿದೆ. ನಿಮ್ಮ ಮನವಿಯಲ್ಲಿ ಇದನ್ನು ಸೇರಿಸಬೇಡಿ.

ನಿಮ್ಮ ಕೈಯಲ್ಲೇ ಇರುವುದು ಬೇರೆ ಇದೆ. ಆಂಡ್ರಾಯ್ಡ್ 9 ಮತ್ತು ಅದರ ನಂತರದ ಫೋನ್‌ಗಳ ಸೆಟ್ಟಿಂಗ್ಸ್‌ನಲ್ಲಿ ನೆಟ್‌ವರ್ಕ್ ವಿಭಾಗಕ್ಕೆ ಹೋದರೆ ಪ್ರೈವೇಟ್ ಡಿಎನ್‌ಎಸ್ ಎಂದಿರುತ್ತದೆ. ಸಿಗದಿದ್ದರೆ ಸೆಟ್ಟಿಂಗ್ಸ್‌ನ ಹುಡುಕುವ ಜಾಗದಲ್ಲೇ ಟೈಪ್ ಮಾಡಿ. ಅಲ್ಲಿ ‘ಫ್ಯಾಮಿಲಿ ಡಾಟ್ ಕ್ಲೌಡ್‌ಫ್ಲೇರ್ ಹೈಫನ್ ಡಿಎನ್‌ಎಸ್ ಡಾಟ್ ಕಾಮ್’ ಎಂದು ಇಂಗ್ಲಿಷ್ ಅಕ್ಷರಗಳಲ್ಲಿ, ನಡುವೆ ಜಾಗ ಬಿಡದೆ ಹಾಕಿ ಸೇವ್ ಮಾಡಿ. ಅದಾದ ಮೇಲೆ ಆ ಫೋನ್ ಹೆಸರು ಕೇಳುವುದೆಲ್ಲ ಕ್ಲೌಡ್‌ಫ್ಲೇರ್‌ನ ಕುಟುಂಬ ಸೇವೆಯ ಹತ್ತಿರ. ಅಶ್ಲೀಲ ತಾಣಗಳೆಂದು ಅದರ ಪಟ್ಟಿಯಲ್ಲಿರುವ ಹೆಸರು ಬಂದರೆ ದಾರಿ ಕೊಡುವುದಿಲ್ಲ. ದುಡ್ಡಿಲ್ಲ, ಆ್ಯಪ್ ಬೇಕಿಲ್ಲ. ಶಾಲೆಯಲ್ಲಿ ವೈಫೈ ಇದ್ದರೆ ರೂಟರ್‌ನ ಡಿಎನ್‌ಎಸ್ ಜಾಗದಲ್ಲಿ 1.1.1.3 ಮತ್ತು 1.0.0.3 ಎಂದು ಹಾಕಿದರೆ ಅದರಡಿ ಇರುವ ಕಂಪ್ಯೂಟರ್‌ಗಳಿಗೆಲ್ಲ ಅನ್ವಯಿಸುತ್ತದೆ. ಜಾಣ ಹುಡುಗ ಇದನ್ನು ತೆಗೆಯಬಲ್ಲ, ಮತ್ತು ವಾಟ್ಸ್‌ಆ್ಯಪ್‌ನಲ್ಲಿ ಬರುವುದನ್ನು ಇದು ಮುಟ್ಟುವುದಿಲ್ಲ. ಆದರೆ ಏಳನೇ ತರಗತಿಯ ಮಗು ಏನೋ ಹುಡುಕಲು ಹೋಗಿ ಏನೋ ಕಂಡು ಬೆಚ್ಚುವುದನ್ನು ಇದು ಬಹುಮಟ್ಟಿಗೆ ತಪ್ಪಿಸುತ್ತದೆ, ಮತ್ತು ಆ ವಯಸ್ಸಿಗೆ ಅದೇ ಮುಖ್ಯ. ಇದರ ಜೊತೆ ಗೂಗಲ್‌ನ ಫ್ಯಾಮಿಲಿ ಲಿಂಕ್ ಹಾಕಿದರೆ ಯಾವ ಆ್ಯಪ್ ಇಳಿಸಿಕೊಳ್ಳಬೇಕಾದರೂ ಪಾಲಕರ ಫೋನಿನಿಂದ ಒಪ್ಪಿಗೆ ಬೇಕಾಗುತ್ತದೆ.

ನಮ್ಮ ಕಡೆಯ ದೊಡ್ಡ ಕಷ್ಟ ಇಲ್ಲಿಯೇ ಇರುವುದು. ಮಸ್ಕಿ, ದೇವದುರ್ಗ, ಕುಷ್ಟಗಿ ಕಡೆ ಗಂಡಹೆಂಡತಿ ಇಬ್ಬರೂ ಬೆಂಗಳೂರಿಗೆ ಗುಳೆ ಹೋಗುತ್ತಾರೆ. ಮಕ್ಕಳು ಅಜ್ಜಿಯ ಹತ್ತಿರ. ಮಾತಾಡಲು ಬೇಕೆಂದು ಫೋನನ್ನು ಹುಡುಗನ ಕೈಗೇ ಕೊಟ್ಟು ಹೋಗುತ್ತಾರೆ. ಪಿನ್ ಏನೆಂದು ಅಜ್ಜಿಗೆ ಗೊತ್ತಿಲ್ಲ, ರಾತ್ರಿ ಫೋನ್ ಹುಡುಗನ ಹಾಸಿಗೆಯಲ್ಲೇ ಇರುತ್ತದೆ. ಇಂಥ ಮನೆಗಳಿಗೆ ಆ ಎರಡು ನಿಮಿಷದ ಸೆಟ್ಟಿಂಗ್ ಮಾಡಿಕೊಡುವವರು ನಿಮ್ಮ ಶಾಲೆಯವರಲ್ಲದೆ ಬೇರಾರೂ ಇಲ್ಲ. ಗುಳೆ ಹೋಗುವ ಮುಂಚೆ ಪಾಲಕರ ಸಭೆ ಕರೆದು, ಅವರ ಎದುರಿಗೇ, ಹುಡುಗನಿಗೂ ಏಕೆಂದು ಹೇಳಿ ಮಾಡಿ. ಕದ್ದು ಮಾಡಿದರೆ ಅವನು ಕದ್ದೇ ತೆಗೆಯುತ್ತಾನೆ.

ನಿಮ್ಮ ಪತ್ರದಲ್ಲಿ ಇಲ್ಲದ ಒಂದು ಮಾತನ್ನು ಹೇಳಲೇಬೇಕು. ವಿದೇಶದ ಯಾವುದೋ ವಿಡಿಯೋಗಿಂತ ನನಗೆ ಹೆಚ್ಚು ಭಯವಿರುವುದು, ಊರಿನದೇ ಹುಡುಗಿಯ ಫೋಟೋ ತಿದ್ದಿ, ಇಲ್ಲವೇ ಗುಟ್ಟಾಗಿ ತೆಗೆದು, ಗ್ರೂಪಿನಲ್ಲಿ ಹಂಚುವುದರ ಬಗ್ಗೆ. ಇದಕ್ಕೆ ಕಾನೂನು ಗಟ್ಟಿಯಾಗಿದೆ. ಐಟಿ ಕಾಯ್ದೆಯ 67ಬಿ ಪ್ರಕಾರ ಮಕ್ಕಳ ಲೈಂಗಿಕ ಚಿತ್ರಗಳನ್ನು ಹಂಚಿದರೆ ಮೊದಲ ಸಲಕ್ಕೇ 5 ವರ್ಷದವರೆಗೆ ಜೈಲು, 10 ಲಕ್ಷ ರೂಪಾಯಿವರೆಗೆ ದಂಡ. ಅಂಥದ್ದನ್ನು ನೋಡುವುದು, ಇಟ್ಟುಕೊಳ್ಳುವುದೂ ಅಪರಾಧವೆಂದು 2024ರ ಸೆಪ್ಟೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಖಾಸಗಿ ಅಂಗಾಂಗದ ಚಿತ್ರ, ತಿದ್ದಿದ ಚಿತ್ರಗಳ ಬಗ್ಗೆ ಸಂತ್ರಸ್ತರು ದೂರು ಕೊಟ್ಟರೆ ಜಾಲತಾಣಗಳು 24 ಗಂಟೆಯೊಳಗೆ ತೆಗೆಯಬೇಕೆಂದು 2021ರ ನಿಯಮಗಳು ಗಡುವು ಹಾಕಿದವು. ಜಿಲ್ಲೆಯ ಸಿಇಎನ್ (ಸೈಬರ್, ಆರ್ಥಿಕ, ಮಾದಕವಸ್ತು ಅಪರಾಧಗಳ) ಪೊಲೀಸ್ ಠಾಣೆ, ರಾಷ್ಟ್ರೀಯ ಸೈಬರ್ ಅಪರಾಧ ಪೋರ್ಟಲ್, ಮಕ್ಕಳ ಸಹಾಯವಾಣಿ 1098 ಮೂರೂ ಕಡೆ ದೂರು ಕೊಡಬಹುದು. ಪೋರ್ಟಲ್‌ನಲ್ಲಿ ಮಕ್ಕಳ ವಿಷಯಕ್ಕೆ ಹೆಸರು ಹೇಳದೆಯೂ ದೂರು ದಾಖಲಿಸಲು ಅವಕಾಶವಿದೆ.

ಅಂಥದ್ದು ಶಾಲೆಯಲ್ಲಿ ಸಿಕ್ಕರೆ, ‘ಸಾಕ್ಷಿಗೆ ಇರಲಿ’ ಎಂದು ಆ ವಿಡಿಯೋವನ್ನು ನಿಮ್ಮ ಫೋನಿಗೆ ಕಳಿಸಿಕೊಳ್ಳಬೇಡಿ, ಶಿಕ್ಷಕರ ಗ್ರೂಪಿಗಂತೂ ಹಾಕಲೇಬೇಡಿ. ಹಾಕಿದವರೇ ಹಂಚಿದವರಾಗುತ್ತಾರೆ. ಫೋನ್ ಆಫ್ ಮಾಡಿ, ಮುಖ್ಯಗುರುಗಳ ಬಳಿ ಬೀಗ ಹಾಕಿಡಿಸಿ, ಯಾವಾಗ, ಯಾರ ಎದುರು ಸಿಕ್ಕಿತೆಂದು ಕಾಗದದ ಮೇಲೆ ಬರೆದು, ಅದೇ ದಿನ ಪೊಲೀಸರಿಗೆ ತಿಳಿಸಿ. ಮಗುವಿನ ಮೇಲೆ ಲೈಂಗಿಕ ಅಪರಾಧ ಆಗಿದೆಯೆಂದು ಗೊತ್ತಾದ ಮೇಲೂ ತಿಳಿಸದಿರುವುದು ಪೋಕ್ಸೊ ಕಾಯ್ದೆಯಡಿ ತಪ್ಪಾಗುತ್ತದೆ, ಶಿಕ್ಷಕರಿಗೂ ಇದರಿಂದ ವಿನಾಯಿತಿಯಿಲ್ಲ. ಚಿತ್ರದಲ್ಲಿರುವ ಹುಡುಗಿಯ ಹೆಸರು ಸ್ಟಾಫ್‌ರೂಮಿನಲ್ಲೂ ಬಾಯಿಂದ ಬಾಯಿಗೆ ಹೋಗದಂತೆ ನೋಡಿಕೊಳ್ಳಿ. ಆ ಹುಡುಗಿ ಶಾಲೆ ಬಿಡುವುದು ಚಿತ್ರದಿಂದ ಎಷ್ಟೋ, ನಮ್ಮ ಪಿಸುಮಾತಿನಿಂದಲೂ ಅಷ್ಟೇ.

ಮನವಿಯ ವಿಷಯಕ್ಕೆ ಬರುತ್ತೇನೆ. ಡಾಟ್ ಎಕ್ಸ್‌ಎಕ್ಸ್‌ಎಕ್ಸ್ ಹೆಸರನ್ನೇ ಬಿಟ್ಟುಬಿಡಿ; ಅದನ್ನು ಓದಿದ ಅಧಿಕಾರಿ ‘ಇದು ಭಾರತದ ಕೈಯಲ್ಲಿಲ್ಲ’ ಎಂದು ಒಂದೇ ಸಾಲಿನ ಉತ್ತರ ಬರೆದು ಕಡತ ಮುಚ್ಚುತ್ತಾರೆ. ಹತ್ತಿರದವರು ಮಾಡಬಲ್ಲ ಕೆಲಸ ಕೇಳಿ. ತಾಲ್ಲೂಕಿನಲ್ಲಿ ಬ್ರಾಡ್‌ಬ್ಯಾಂಡ್ ಕೊಡುವ ಕೇಬಲ್‌ನವರು, ಬೇಕೆಂದ ಮನೆಗಳಿಗೆ ಕುಟುಂಬ ಡಿಎನ್‌ಎಸ್ ಹಾಕಿದ ಸಂಪರ್ಕವನ್ನು ಹೆಚ್ಚಿನ ದುಡ್ಡಿಲ್ಲದೆ ಕೊಡಲಿ ಎಂದು ಕೇಳಿ. ನಾನು ಕೆಲಸ ಮಾಡುವ ಕೆಲವು ಆಪರೇಟರ್‌ಗಳು ಇದಕ್ಕೆ ತಯಾರಿದ್ದಾರೆ, ಕೇಳಿದವರೇ ಇಲ್ಲ. ಗ್ರಾಮ ಪಂಚಾಯಿತಿ ಅರಿವು ಕೇಂದ್ರಗಳಲ್ಲಿ ಮಕ್ಕಳು ಬಳಸುವ ಕಂಪ್ಯೂಟರ್, ಟ್ಯಾಬ್‌ಗಳಿಗೆ ಅದೇ ವ್ಯವಸ್ಥೆ ಮಾಡಿಸಲು ಕೇಳಿ. ಸಿಇಎನ್ ಠಾಣೆಯ ಮಹಿಳಾ ಸಿಬ್ಬಂದಿಯೊಬ್ಬರು ವರ್ಷಕ್ಕೊಮ್ಮೆ ಶಾಲೆಗೆ ಬಂದು ಹುಡುಗಿಯರ ಜೊತೆ, ಬೇರೆಯಾಗಿ ಹುಡುಗರ ಜೊತೆಯೂ ಕೂತು ಮಾತಾಡಲಿ ಎಂದು ಜಿಲ್ಲಾ ಪೊಲೀಸ್ ವರಿಷ್ಠಾಧಿಕಾರಿಗಳಿಗೆ ಬರೆಯಿರಿ. ಸಂಸದರಿಗೆ ಪ್ರತಿ ಕೊಡುವುದಕ್ಕೆ ಅಡ್ಡಿಯಿಲ್ಲ, ಆದರೆ ಅರಿವು ಕೇಂದ್ರದ ವಿಷಯ ಇರುವ ಪುಟವನ್ನು ತಾಲ್ಲೂಕು ಪಂಚಾಯಿತಿ ಇಒ ಅವರಿಗೆ ನೇರವಾಗಿ ಕೊಟ್ಟು ಸ್ವೀಕೃತಿ ಮುದ್ರೆ ಹಾಕಿಸಿಕೊಳ್ಳಿ. ರೂಟರ್‌ನ ಸೆಟ್ಟಿಂಗ್‌ನಲ್ಲಿ ತೊಡಕಾದರೆ ಅದರ ಮಾಡೆಲ್ ಸಂಖ್ಯೆ ಬರೆದು ಕಳಿಸಿ, ಎಲ್ಲಿ ಏನು ಒತ್ತಬೇಕೆಂದು ಹೇಳಿಕೊಡುತ್ತೇನೆ.